ಎಣ್ಣೆ ಪೈಪ್‌ಲೈನಿಗೆ ವರ್ಷ ವರ್ಷ ಬಾಡಿಗೆ ಕೊಡಿ

ಸಂಪಾದಕರಿಗೆ ನಮಸ್ಕಾರ,

ನಾನು ಬಂಟ್ವಾಳ ತಾಲೂಕಿನ ಒಬ್ಬ ಅಡಿಕೆ ಕೃಷಿಕ. ನಮ್ಮ ತೋಟದ ನಡುವಲ್ಲಿ 18 ಮೀಟರ್ ಅಗಲದ ಒಂದು ಪಟ್ಟೆ ಉಂಟು, ಉದ್ದ ಹೆಚ್ಚುಕಮ್ಮಿ 100 ಮೀಟರ್, ಎರಡೂ ತುದಿಯಲ್ಲಿ ಗುರುತಿನ ಕಂಬ ಹಾಕಿದ್ದಾರೆ, ಆ ಪಟ್ಟೆಯಲ್ಲಿ ಈಗ ದನಕ್ಕೆ ಹುಲ್ಲು, ಮಳೆ ನಿಂತ ಮೇಲೆ ಒಂದಿಷ್ಟು ಅಲಸಂಡೆ, ಬಸಳೆ, ಅಷ್ಟೇ. ಅಡಿಕೆ ನೆಡ್ಲಿಕ್ಕಿಲ್ಲ, ತೆಂಗು ನೆಡ್ಲಿಕ್ಕಿಲ್ಲ, ಬಾವಿ ತೆಗೀಲಿಕ್ಕಿಲ್ಲ, ಕೊಟ್ಟಿಗೆಗೆ ಒಂದು ಗೋಡೆ ಸಹ ಕಟ್ಲಿಕ್ಕಿಲ್ಲ. ಕೆಳಗೆ ಪೈಪ್ ಉಂಟು. ಯಾವ ಕಂಪನಿಯ ಪೈಪ್ ಅಂತ ಹೆಸರು ಬರೆಯುವುದಿಲ್ಲ, ಯಾಕಂದ್ರೆ ನನ್ನ ತಕರಾರು ಒಂದು ಕಂಪನಿ ಮೇಲೆ ಅಲ್ಲ, ಪೈಪ್ ಹಾಕ್ಲಿಕ್ಕೆ ಜಾಗದ ಬಳಕೆಯ ಹಕ್ಕು ತೆಗೆದುಕೊಳ್ಳುವಾಗ ಎಲ್ಲರೂ ಪಾಲಿಸುವ 1962ರ ಕಾನೂನಿನ ಮೇಲೆ.

ಮೊದ್ಲೇ ಹೇಳಿ ಬಿಡ್ತೇನೆ, ನಾನು ಪೈಪ್‌ಲೈನ್ ವಿರೋಧಿ ಅಲ್ಲ. 2013ರ ಏಪ್ರಿಲ್ 9ಕ್ಕೆ ಪೆರ್ನೆಯಲ್ಲಿ ಗ್ಯಾಸ್ ಟ್ಯಾಂಕರ್ ಮಗುಚಿ ಬೆಂಕಿ ಹತ್ತಿಕೊಂಡದ್ದು ನಮ್ಮ ಕಡೆಯವರಿಗೆ ಯಾರಿಗೂ ಮರೆತಿಲ್ಲ, ರಸ್ತೆ ಬದಿಯ ಮನೆಯಲ್ಲಿ ತಮ್ಮ ಪಾಡಿಗೆ ಇದ್ದವರು ಸುಟ್ಟು ಹೋದ್ರು. ಅದಕ್ಕಿಂತ ಏಳೆಂಟು ತಿಂಗಳ ಮೊದಲು ಕಣ್ಣೂರಿನ ಚಾಲದಲ್ಲಿ ಇದೇ ತರ ಆಗಿ 20 ಜನ ಸತ್ತಿದ್ರು. ಆವತ್ತಿನಿಂದ ಮಾಣಿ, ಉಪ್ಪಿನಂಗಡಿ, ನೆಲ್ಯಾಡಿ ರೋಡಲ್ಲಿ ಬುಲೆಟ್ ಟ್ಯಾಂಕರ್ ಹಿಂದೆ ಬೈಕಲ್ಲಿ ಹೋಗುವಾಗ ಎದೆ ಒಮ್ಮೆ ಡವ ಅನ್ನುವುದು ನನಗೊಬ್ಬನಿಗೆ ಮಾತ್ರ ಅಲ್ಲ. ಹಾಗಾಗಿ ಪೈಪಲ್ಲಿ ಹೋಗುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ, ಅದರಲ್ಲಿ ಎರಡು ಮಾತಿಲ್ಲ.

ಲಾಭ ಎಷ್ಟು ದೊಡ್ಡದು ಅಂತ ಒಂದು ಲೆಕ್ಕ ಹಾಕಿ ನೋಡಿ. ಮಂಗಳೂರು, ಹಾಸನ, ಬೆಂಗಳೂರು ಲೈನ್ 2003ರಲ್ಲಿ ಶುರುವಾದದ್ದು, ಎಚ್‌ಪಿಸಿಎಲ್ ಮತ್ತೆ ಓಎನ್‌ಜಿಸಿ ಅನ್ನುವ ಎರಡು ಸರ್ಕಾರಿ ಎಣ್ಣೆ ಕಂಪನಿಗಳ ಪಾಲು ಇರುವ ಕಂಪನಿಯದ್ದು, ಮಂಗಳೂರಿನ ಎಂಆರ್‌ಪಿಎಲ್ ರಿಫೈನರಿಯಿಂದ ಹೊರಟು ನೆರಿಯದಲ್ಲಿ ಇನ್ನೊಮ್ಮೆ ಪಂಪ್ ಆಗಿ ಘಟ್ಟ ಹತ್ತಿ ಹಾಸನಕ್ಕೆ, ಅಲ್ಲಿಂದ ಬೆಂಗಳೂರಿನ ದೇವನಗೊಂದಿಗೆ, ಒಟ್ಟು 360 ಕಿಲೋಮೀಟರಿಗೆ ಸ್ವಲ್ಪ ಮೇಲೆ. ಸಾಮರ್ಥ್ಯ ವರ್ಷಕ್ಕೆ 56 ಲಕ್ಷ ಟನ್. ಪೂರ್ತಿ ಓಡಿದ್ರೆ ದಿನಕ್ಕೆ 15 ಸಾವಿರ ಟನ್ ಚಿಲ್ಲರೆ ಆಯ್ತು. 20 ಸಾವಿರ ಲೀಟರಿನ ಒಂದು ಟ್ಯಾಂಕರಲ್ಲಿ 16 ಟನ್ ಹೋಗ್ತದೆ ಅಂತ ಇಟ್ಟುಕೊಂಡ್ರೆ ದಿನಕ್ಕೆ 950 ಟ್ಯಾಂಕರ್ ಮೇಲೆ ಹೋಗ್ಬೇಕು, ಅಷ್ಟೇ ಟ್ಯಾಂಕರ್ ಖಾಲಿಯಾಗಿ ಕೆಳಗೆ ಬರ್ಬೇಕು, ಅದೂ ಶಿರಾಡಿಯಲ್ಲಿ! ಮಳೆಗಾಲದಲ್ಲಿ ದೋಣಿಗಾಲ್ ಹತ್ತಿರ ಗುಡ್ಡೆ ಜಾರಿದ್ರೆ ಬಸ್ಸು ಲಾರಿ ಎಲ್ಲ ಬೇರೆ ದಾರಿ ಸುತ್ತಿ ಹೋಗುವುದನ್ನು ನಾವು ಕಾಣ್ತಾ ಇದ್ದೇವೆ, 2018ರಲ್ಲಂತೂ ಶಿರಾಡಿ ಬಂದ್ ಆಗಿ ಕೊಳೆತ ತರಕಾರಿ ಸಹ ಸಿಗದ ಪರಿಸ್ಥಿತಿ ಬಂದಿತ್ತು, ಅಂಥಾ ರೋಡಲ್ಲಿ ದಿನಕ್ಕೆ ಸಾವಿರ ಟ್ಯಾಂಕರ್ ಹತ್ತಿ ಇಳಿದ್ರೆ ಎಂತ ಆಗ್ತಿತ್ತು ಅಂತ ಯೋಚನೆ ಮಾಡ್ಲಿಕ್ಕೇ ಆಗುವುದಿಲ್ಲ.

ಕಂಪನಿಗೂ ಲಾಭ, ಬೆಂಗಳೂರಿಗೂ ಲಾಭ. ಎಂಆರ್‌ಪಿಎಲ್ ವರ್ಷಕ್ಕೆ 1 ಕೋಟಿ 50 ಲಕ್ಷ ಟನ್ ಕಚ್ಚಾ ಎಣ್ಣೆ ಶುದ್ಧ ಮಾಡುವ ರಿಫೈನರಿ, ಅಷ್ಟು ಮಾಲು ಕರಾವಳಿಯಲ್ಲಿ ಖರ್ಚಾಗ್ಲಿಕ್ಕೆ ಸಾಧ್ಯ ಇಲ್ಲ, ಘಟ್ಟದ ಮೇಲೆ ಹೋಗ್ಲಿಕ್ಕೆ ದಾರಿ ಇಲ್ಲದಿದ್ರೆ ಹಡಗಿಗೆ ಹಾಕಿ ಹೊರದೇಶಕ್ಕೆ ಕಳಿಸ್ಬೇಕು. ಪೈಪ್ ಇರುವುದರಿಂದ ಬೆಂಗಳೂರಿನಂಥ ಮಾರ್ಕೆಟ್ ಮನೆ ಬಾಗಿಲಿಗೆ ಬಂದ ಹಾಗೆ ಆಯ್ತು. ನಮ್ಮ ಊರಿನ ಹುಡುಗ್ರು ಕೆಲವರಿಗೆ ಆ ಕಡೆ ಕೆಲಸ ಸಿಕ್ಕಿದ್ದೂ ಹೌದು.

ಆದ್ರೆ ಪೆಟ್ರೋಲ್ ಹಾಕಿಸುವ ನಮಗೆ ಎಷ್ಟು ಉಳೀತು? ಮಂಗಳೂರಿಗೂ ಬೆಂಗಳೂರಿಗೂ ಲೀಟರಿಗೆ ಇರುವ ವ್ಯತ್ಯಾಸ ಒಂದು ರೂಪಾಯಿಯ ಆಸುಪಾಸು. 2024ರ ಜೂನಲ್ಲಿ ರಾಜ್ಯ ಸರ್ಕಾರ ಪೆಟ್ರೋಲಿನ ಮಾರಾಟ ತೆರಿಗೆಯನ್ನು ಶೇಕಡ 25.92ರಿಂದ 29.84ಕ್ಕೆ ಏರಿಸಿದಾಗ ರಾತ್ರಿ ಬೆಳಗಾಗುವುದರೊಳಗೆ ಮೂರು ರೂಪಾಯಿ ಜಾಸ್ತಿ ಆಯ್ತಲ್ಲ, ಸಾಗಾಟದಲ್ಲಿ ಉಳಿದ ಪೈಸೆ ಅದರಲ್ಲಿ ಎಲ್ಲಿ ಕಾಣ್ತದೆ? ಪೈಪ್‌ಲೈನ್ ಬಂದ್ರೆ ಇಂಧನ ಅಗ್ಗ ಆಗ್ತದೆ ಅಂತ ಗ್ರಾಮಸಭೆಯಲ್ಲಿ ಹೇಳುವುದನ್ನು ದಯವಿಟ್ಟು ನಿಲ್ಲಿಸ್ಬೇಕು. ಉಳಿಕೆ ಆಗುವುದು ನಿಜ, ಆದ್ರೆ ಅದು ಕಂಪನಿಯ ಪುಸ್ತಕದಲ್ಲಿ ಉಳೀತದೆ, ನನ್ನ ಸ್ಕೂಟರಿನ ಟ್ಯಾಂಕಿಗೆ ಬರುವುದಿಲ್ಲ.

ಈಗ ನನ್ನ ಮುಖ್ಯ ವಿಷಯಕ್ಕೆ ಬರ್ತೇನೆ.

ಪೈಪ್‌ಲೈನಿಗೆ ನಮ್ಮ ಜಾಗ ಯಾರೂ ಖರೀದಿ ಮಾಡುವುದಿಲ್ಲ. 1962ರ ಪೆಟ್ರೋಲಿಯಂ ಮತ್ತು ಖನಿಜ ಪೈಪ್‌ಲೈನ್ ಕಾಯ್ದೆಯ ಪ್ರಕಾರ ಬರೀ ಬಳಕೆಯ ಹಕ್ಕು ತೆಗೆದುಕೊಳ್ತಾರೆ, ಜಾಗ ನಮ್ಮ ಹೆಸರಲ್ಲೇ ಇರ್ತದೆ, ತೀರ್ವೆ (ಕಂದಾಯ) ನಾವೇ ಕಟ್ಟುವುದು. ನೋಟಿಫಿಕೇಶನ್ ಆದ ಮೇಲೆ ಆಕ್ಷೇಪಣೆಗೆ 21 ದಿನ. ಆಮೇಲೆ ಪರಿಹಾರ ಅಂತ ಕೊಡುವುದು ಕೆಲಸದ ಸಮಯ ಹಾಳಾದ ಬೆಳೆಗೆ, ಮರಕ್ಕೆ, ಮತ್ತೆ ಜಾಗದ ಮಾರುಕಟ್ಟೆ ಬೆಲೆಯ ಶೇಕಡ 10. ಒಂದೇ ಸಲ. ಅಲ್ಲಿಗೆ ಮುಗೀತು, ಪೈಪ್ ಮೂವತ್ತು ವರ್ಷ ಇರ್ಲಿ ಐವತ್ತು ವರ್ಷ ಇರ್ಲಿ. ಅದೇ ಕಾಯ್ದೆಯ 9ನೇ ಸೆಕ್ಷನ್ ಹೇಳುವುದು ಏನಂದ್ರೆ ಆ ಪಟ್ಟೆಯಲ್ಲಿ ಕಟ್ಟಡ ಕಟ್ಟಬಾರದು, ಕೆರೆ ಬಾವಿ ತೋಡಬಾರದು, ಮರ ನೆಡಬಾರದು.

ಈ ಮರ ನೆಡಬಾರದು ಅನ್ನುವ ಎರಡು ಶಬ್ದದಲ್ಲೇ ಎಲ್ಲ ಉಂಟು. ಚನ್ನರಾಯಪಟ್ಟಣದ ಕಡೆ ರಾಗಿ ಹೊಲದಲ್ಲಿ, ಹಾಸನದ ಆಲೂಗಡ್ಡೆ ಹೊಲದಲ್ಲಿ ಪೈಪ್ ಹೋದ್ರೆ ಒಂದು ಬೆಳೆ ಹೋಗ್ತದೆ, ಮಣ್ಣು ಮುಚ್ಚಿದ ಮೇಲೆ ಮುಂದಿನ ವರ್ಷ ಅದೇ ಜಾಗದಲ್ಲಿ ಮತ್ತೆ ರಾಗಿ ಬಿತ್ತಬಹುದು, ಆಲೂಗಡ್ಡೆ ಹಾಕಬಹುದು. ಅವರಿಗೂ ತೊಂದರೆ ಇಲ್ಲ ಅಂತ ನಾನು ಹೇಳುವುದಿಲ್ಲ, ಮೇಲ್ಮಣ್ಣು ಅಡಿಮೇಲಾಗಿ ಎರಡು ಮೂರು ವರ್ಷ ಫಸಲು ಸರಿ ಬರುವುದಿಲ್ಲ, ಆದ್ರೂ ಜಮೀನು ಜಮೀನಾಗಿ ಉಳೀತದೆ. ನಮ್ಮದು ಹಾಗಲ್ಲ. ಅಡಿಕೆ, ತೆಂಗು, ರಬ್ಬರ್, ಕಾಳುಮೆಣಸು ಬಿಟ್ಟು ಈ ಗುಡ್ಡೆ ತಗ್ಗಿನ ಊರಲ್ಲಿ ನಮಗೆ ಬೇರೆ ಎಂತ ಉಂಟು? ಕಾನೂನು ಮಾತ್ರ ರಾಗಿಗೂ ಶೇಕಡ 10, ಅಡಿಕೆಗೂ ಶೇಕಡ 10.

ನಮ್ಮ ಪಟ್ಟೆಯದ್ದೇ ಲೆಕ್ಕ ಕೊಡ್ತೇನೆ. 18 ಮೀಟರ್ ಅಗಲ 100 ಮೀಟರ್ ಉದ್ದ ಅಂದ್ರೆ 45 ಸೆಂಟ್ಸ್ ಹತ್ತಿರ. ಒಂಬತ್ತು ಅಡಿ ಅಂತರದಲ್ಲಿ ನೆಟ್ರೆ 240 ಮರ. ಮರಕ್ಕೆ ಸರಾಸರಿ ಎರಡು ಕೆಜಿ ಚಾಲಿ (ಒಣಗಿಸಿ ಸುಲಿದ ಅಡಿಕೆ) ಅಂತ ಹಿಡಿದ್ರೆ 480 ಕೆಜಿ, ಕೆಜಿಗೆ 400 ರೂಪಾಯಿ ಇಟ್ಟುಕೊಂಡ್ರೆ ವರ್ಷಕ್ಕೆ 1 ಲಕ್ಷ 92 ಸಾವಿರ. ಕೊಳೆರೋಗದ ಮದ್ದು, ಕೊಯ್ಲು, ಸುಲಿಯುವುದು, ಗೊಬ್ಬರ, ಆಳಿನ ಸಂಬಳ ಅಂತ ಅರ್ಧ ಕಳೆದ್ರೂ 90 ಸಾವಿರದ ಮೇಲೆ ಉಳೀತದೆ. ಪ್ರತಿ ವರ್ಷ. ನನ್ನ ತಂದೆಯವರಿಗೆ ಕಡಿದ ಮರಕ್ಕೆ ಲೆಕ್ಕ ಹಾಕಿ ದುಡ್ಡು ಕೊಟ್ಟಿದ್ರು, ಅದನ್ನು ಮರೆಮಾಚುವುದಿಲ್ಲ, ಆ ದುಡ್ಡಲ್ಲಿ ಅಕ್ಕನ ಮದುವೆ ಆಯ್ತು. ಆದ್ರೆ ಕಡಿದ ಮರದ ಜಾಗದಲ್ಲಿ ಸಸಿ ನೆಡ್ಲಿಕ್ಕೆ ಬಿಡದಿದ್ರೆ ಹೋದದ್ದು ಒಂದು ತಲೆಮಾರಿನ ಮರ ಮಾತ್ರ ಅಲ್ಲ, ನನ್ನ ಮಗಳ ಕಾಲದ ಮರವೂ ಹೋಯ್ತು. ಅದಕ್ಕೆ ಯಾವ ಕಾಲಂನಲ್ಲೂ ಬೆಲೆ ಹಾಕಿರ್ಲಿಲ್ಲ.

ಇನ್ನೊಂದು ವಿಷಯ ಘಟ್ಟದ ಮೇಲಿನವರಿಗೆ ಗೊತ್ತಿರ್ಲಿಕ್ಕಿಲ್ಲ. ನಮ್ಮಲ್ಲಿ ವರ್ಗ (ಪಟ್ಟಾ) ಜಾಗದ ಪಕ್ಕದಲ್ಲಿ ಕುಮ್ಕಿ ಅಂತ ಇರ್ತದೆ, ಸೊಪ್ಪು ಸೌದೆಗೆ ಅಜ್ಜನ ಕಾಲದಿಂದ ಅನುಭವಿಸಿದ್ದು, ಎಷ್ಟೋ ಜನ ಅಲ್ಲೇ ತೋಟ ಸಹ ಮಾಡಿದ್ದಾರೆ, ಆದ್ರೆ ರೆಕಾರ್ಡಲ್ಲಿ ಅದು ಸರ್ಕಾರದ್ದು. ಪೈಪ್ ಕುಮ್ಕಿಯಲ್ಲಿ ಹೋದ್ರೆ ಜಾಗದ ಬೆಲೆ ಅಂತ ಕೇಳುವ ಹಕ್ಕೇ ಇಲ್ಲ. ಸಣ್ಣ ಹಿಡುವಳಿಯವರಿಗೇ ಇದು ಜಾಸ್ತಿ ಪೆಟ್ಟು. ಹಾಗೆಯೇ ಪಹಣಿಯ 11ನೇ ಕಾಲಂನಲ್ಲಿ ಪೈಪ್‌ಲೈನ್ ಅಂತ ಒಮ್ಮೆ ಬಂದ್ರೆ ಬ್ಯಾಂಕಿನವರು ಎರಡು ಸಲ ಯೋಚನೆ ಮಾಡ್ತಾರೆ, ಅಣ್ಣ ತಮ್ಮಂದಿರಲ್ಲಿ ಪಾಲಾಗುವಾಗ ಆ ಭಾಗ ನನಗೆ ಬೇಡ ಅಂತ ಜಗಳ ಆಗ್ತದೆ, ನಮ್ಮ ಮನೆಯಲ್ಲೇ ಆಗಿದೆ. ತೋಟ ಎರಡು ತುಂಡಾದದ್ದರಿಂದ ಮಳೆ ನೀರು ಹೋಗುವ ಕಣಿ ಮೊದಲಿನ ದಾರಿ ಬಿಟ್ಟಿತು, ಈಗಲೂ ಆಷಾಢದಲ್ಲಿ ಕೆಳಗಿನ ಮರಗಳ ಬುಡದಲ್ಲಿ ನೀರು ನಿಲ್ತದೆ, ಕೆಲಸ ಮಾಡಿಸಿದವರು ಹೋಗಿ ಆಯ್ತು, ಯಾರನ್ನು ಕೇಳುವುದು?

ಒಂದು ಹೋಲಿಕೆ ನೋಡಿ. ಕರೆಂಟಿನ ಹೈ ಟೆನ್ಶನ್ ಲೈನಿಗೆ ಕೇಂದ್ರ ಸರ್ಕಾರ 2015ರಲ್ಲಿ ಒಂದು ಮಾರ್ಗಸೂಚಿ ಮಾಡಿತು, ಟವರ್ ನಿಂತ ಜಾಗಕ್ಕೆ ಅದರ ಬೆಲೆಯ ಶೇಕಡ 85, ತಂತಿ ಕೆಳಗಿನ ಪಟ್ಟೆಗೆ ಶೇಕಡ 15ರ ತನಕ. ಅದು ಸಾಲದು ಅಂತ ಜನ ಗಲಾಟೆ ಮಾಡಿದ ಮೇಲೆ 2024ರ ಜೂನಲ್ಲಿ ಅದನ್ನೇ ತಿದ್ದಿ ಟವರ್ ಜಾಗಕ್ಕೆ ಶೇಕಡ 200, ಪಟ್ಟೆಗೆ ಶೇಕಡ 30 ಅಂತ ಮಾಡಿದ್ರು. ಒಂಬತ್ತೇ ವರ್ಷದಲ್ಲಿ ಡಬಲ್. ಪೈಪ್‌ಲೈನಿನ ಕಾನೂನಲ್ಲಿ ಬರೆದದ್ದು ಮಾತ್ರ 1962ರ ಶೇಕಡ 10, ಇವತ್ತಿಗೂ ಅದೇ. ಕಂಪನಿಗಳ ಸಾಗಾಟದ ದರ ಹಾಗೆ ನಿಂತಿದೆಯಾ? ಇಲ್ಲ. ಪೆಟ್ರೋಲ್ ಡೀಸೆಲ್ ಪೈಪ್‌ಲೈನಿನ ದರವನ್ನು ಪೆಟ್ರೋಲಿಯಂ ನಿಯಂತ್ರಣ ಮಂಡಳಿ ರೈಲ್ವೆ ಬಾಡಿಗೆಗೆ ಗಂಟು ಹಾಕಿದೆ, ಅಷ್ಟೇ ದೂರಕ್ಕೆ ರೈಲಲ್ಲಿ ಆಗುವುದರ ಶೇಕಡ 75 ಅಂತ. ರೈಲ್ವೆ ಬಾಡಿಗೆ ಏರಿದ್ರೆ ಪೈಪಿನದ್ದೂ ಏರ್ತದೆ. ಎಣ್ಣೆ ಕಳಿಸುವವರ ಆದಾಯ ಕಾಲಕ್ಕೆ ತಕ್ಕ ಹಾಗೆ ಬೆಳೀಬಹುದು ಅಂತಾದ್ರೆ, ಆ ಎಣ್ಣೆ ಯಾರ ಮಣ್ಣಿನ ಅಡಿಯಲ್ಲಿ ಹೋಗ್ತದೋ ಅವನಿಗೆ ಯಾಕೆ ಒಂದೇ ಚೆಕ್ಕು?

ಅಪಾಯದ ಮಾತು ಸಹ ಹೇಳ್ಬೇಕು. ಪೈಪು ಟ್ಯಾಂಕರಿಗಿಂತ ಸೇಫ್ ಅಂತ ನಾನೇ ಮೇಲೆ ಬರೆದೆ, ಆದ್ರೆ ಸೇಫ್ ಇರುವುದು ನೋಡಿಕೊಳ್ಳುವವರು ಇದ್ರೆ ಮಾತ್ರ. 2014ರ ಜೂನ್ 27ಕ್ಕೆ ಆಂಧ್ರದ ಪೂರ್ವ ಗೋದಾವರಿಯ ನಗರಂ ಊರಲ್ಲಿ ಗ್ಯಾಸ್ ಪೈಪ್ ತುಕ್ಕು ಹಿಡಿದು ಸೋರಿ, ಬೆಳಗ್ಗೆ ಜನ ಏಳುವ ಹೊತ್ತಿಗೆ ಬೆಂಕಿ ಹತ್ತಿ 20ಕ್ಕಿಂತ ಜಾಸ್ತಿ ಜನ ಸತ್ರು. 2013ರಲ್ಲಿ ಚೆನ್ನೈಯ ತಂಡಿಯಾರ್‌ಪೇಟೆಯಲ್ಲಿ ಜನರ ಬೋರ್‌ವೆಲಲ್ಲಿ ನೀರಿನ ಜೊತೆ ಡೀಸೆಲ್ ಬಂತು, ನೆಲದ ಅಡಿಯ ಪೈಪ್ ಸೋರಿ. ಬೆಂಕಿ ಆದ್ರೆ ಒಂದು ದಿನದ ಸುದ್ದಿ ಆಗ್ತದೆ, ನೀರಿಗೆ ಎಣ್ಣೆ ಸೇರಿದ್ರೆ ಅದು ವರ್ಷಗಟ್ಟಲೆಯ ರೋಗ. ನಮ್ಮಲ್ಲಿ ಮನೆಗೊಂದು ಬಾವಿ, ಗುಡ್ಡೆಯ ಸುರಂಗದ ನೀರು, ತೋಡಿನ ಕಟ್ಟದ ನೀರು, ಎಲ್ಲ ಹರಿದು ಕೊನೆಗೆ ಸೇರುವುದು ನೇತ್ರಾವತಿಗೆ, ತುಂಬೆ ಡ್ಯಾಮಿನ ನೀರೇ ಮಂಗಳೂರು ಕುಡಿಯುವುದು. ಹಾಗಾಗಿ ಪೈಪ್ ಸೋರಿದ್ರೆ ಅದು ಹಳ್ಳಿಯವನ ತೋಟದ ಸಮಸ್ಯೆ ಅಂತ ಪೇಟೆಯವರು ಸುಮ್ಮನೆ ಕೂತರೆ ಆಗುವುದಿಲ್ಲ.

ಕದಿಯುವವರು ಬೇರೆ. 2021ರಲ್ಲಿ ನಮ್ಮದೇ ತಾಲೂಕಿನ ಸೋರ್ನಾಡು ಹತ್ತಿರ ಪೈಪಿಗೆ ಕನ್ನ ಕೊರೆದು ಡೀಸೆಲ್ ಕದೀತಿದ್ದದ್ದು ಸಿಕ್ಕಿಬಿತ್ತು. ಪೇಪರಲ್ಲಿ ಎಲ್ಲ ಕಂಪನಿಗೆ ಎಷ್ಟು ನಷ್ಟ ಅಂತ ಬಂತು. ಅಷ್ಟು ಪ್ರೆಶರಲ್ಲಿ ಎಣ್ಣೆ ಹೋಗುವ ಪೈಪಿಗೆ ರಾತ್ರಿ ಹೊತ್ತು ಯಾರೋ ವೆಲ್ಡಿಂಗ್ ಮಾಡುವಾಗ ಒಂದು ಕಿಡಿ ಹಾರಿದ್ರೆ ಅಕ್ಕಪಕ್ಕದ ಮನೆಯವರ ಗತಿ ಎಂತ ಅಂತ ನನಗೆ ಆವತ್ತು ನಿದ್ದೆ ಬರ್ಲಿಲ್ಲ. ಲೈನ್ ನೋಡ್ಲಿಕ್ಕೆ ನಡೆದುಕೊಂಡು ಬರುವ ಹುಡುಗ್ರು ಇದ್ದಾರೆ, ಪಾಪ ಮಳೆಯಲ್ಲೂ ಬರ್ತಾರೆ, ಒಳ್ಳೆ ಕೆಲಸ ಮಾಡ್ತಾರೆ. ಆದ್ರೆ ನಿಜವಾಗಿ ದಿನಾ ಬೆಳಗ್ಗೆ ಆ ಪಟ್ಟೆಯನ್ನು ನೋಡುವುದು ತೋಟದವನು. ವಾಸನೆ ಬಂದ್ರೆ, ಹುಲ್ಲು ಒಣಗಿದ್ರೆ, ರಾತ್ರಿ ಗಾಡಿ ಸದ್ದು ಕೇಳಿದ್ರೆ ಮೊದಲು ಗೊತ್ತಾಗುವುದು ಅವನಿಗೆ. ವರ್ಷಕ್ಕೆ ಒಂದಿಷ್ಟು ಬಾಡಿಗೆ ಬರ್ತಿದ್ರೆ ಅವನೂ ಇದು ನಂದು ಅಂತ ಕಾಯ್ತಾನೆ, ಈಗ ಅವನಿಗೆ ಅದು ಬರೀ ತನ್ನ ಜಾಗ ತಿಂದ ಪಟ್ಟೆ.

ಇನ್ನು ಹೊಸ ಲೈನ್ ಹಾಕುವುದಿದ್ರೆ ಅದರ ಬಾಳಿಕೆ ಬಗ್ಗೆ ಸಹ ಸ್ವಲ್ಪ ಲೆಕ್ಕ ಹಾಕ್ಬೇಕು ಅಂತ ನನಗೆ ಅನಿಸ್ತದೆ. ಈಗ ಬಂಕಲ್ಲಿ ಸಿಗುವ ಪೆಟ್ರೋಲಲ್ಲಿ ಶೇಕಡ 20 ಎಥನಾಲ್. ಎಥನಾಲ್ ನೀರನ್ನು ಎಳ್ಕೊಳ್ಳುವ ಗುಣದ್ದು, ಅದನ್ನು ಪೆಟ್ರೋಲ್ ಡೀಸೆಲ್ ಹೋಗುವ ಇದೇ ಪೈಪಲ್ಲಿ ಕಳಿಸುವುದಿಲ್ಲ, ಬೆಳಗಾವಿ ಬಾಗಲಕೋಟೆ ಕಡೆಯ ಸಕ್ಕರೆ ಫ್ಯಾಕ್ಟರಿಗಳಿಂದ ಟ್ಯಾಂಕರಲ್ಲೇ ಡಿಪೋಗೆ ಬಂದು ಅಲ್ಲಿ ಮಿಕ್ಸ್ ಆಗುವುದು. ಅಂದ್ರೆ ಐದು ಲೀಟರ್ ಪೆಟ್ರೋಲಲ್ಲಿ ಒಂದು ಲೀಟರಿಗೆ ಪೈಪೇ ಬೇಡ. ಬೆಂಗಳೂರಲ್ಲಿ ಎಲೆಕ್ಟ್ರಿಕ್ ಸ್ಕೂಟರ್, ಎಲೆಕ್ಟ್ರಿಕ್ ಬಸ್ಸು ಬೇರೆ ದಿನಾ ಜಾಸ್ತಿ ಆಗ್ತಾ ಉಂಟು. ಡೀಸೆಲ್ ಲಾರಿ ಇಷ್ಟು ಬೇಗ ಹೋಗುವುದಿಲ್ಲ, ಅಡುಗೆ ಗ್ಯಾಸ್ ಬೇಡಿಕೆಯೂ ಕಡಿಮೆ ಆಗುವುದಿಲ್ಲ, ಅದನ್ನು ಒಪ್ತೇನೆ, ಗ್ಯಾಸಿಗೆ ಪೈಪ್ ಇನ್ನೂ ಬೇಕು ಅಂತಲೇ ನನ್ನ ಮಾತು, ಅದರಿಂದ ಪೆರ್ನೆ ತರ ಇನ್ನೊಂದು ಆಗುವುದು ತಪ್ತದೆ. ಆದ್ರೆ ಇಪ್ಪತ್ತೈದು ಮೂವತ್ತು ವರ್ಷದ ಲೆಕ್ಕ ಇಟ್ಟು ಪೆಟ್ರೋಲಿಗೆ ಅಂತ ಹೊಸ ಲೈನ್ ಹಾಕಿ, ಅದು ಅರ್ಧ ಖಾಲಿ ಓಡಿದ್ರೆ ಆ ನಷ್ಟ ಸರ್ಕಾರಿ ಕಂಪನಿಯದ್ದು, ಅಂದ್ರೆ ನಮ್ಮೆಲ್ಲರದ್ದು. ಪೈಪ್ ಬಂದ್ ಆದ ದಿನ ಅದನ್ನು ತೆಗೀಬೇಕಾದವರು ಯಾರು, ನಮ್ಮ ಪಟ್ಟೆಯ ನಿರ್ಬಂಧ ಯಾವಾಗ ಬಿಡ್ತದೆ, ಪಹಣಿಯಿಂದ ಹೆಸರು ಯಾರು ತೆಗೆಸುವುದು, ಇದನ್ನೆಲ್ಲ ಪೈಪ್ ಹಾಕುವ ಮೊದಲೇ ಅಗ್ರಿಮೆಂಟಲ್ಲಿ ಬರೀಬೇಕು.

ಪಾದೂರಿನವರ ವಿಷಯ ಇದಕ್ಕಿಂತ ದೊಡ್ಡದು. ಕಾಪು ತಾಲೂಕಿನ ಆ ಊರಿನ ಬಂಡೆಯ ಒಳಗೆ 25 ಲಕ್ಷ ಟನ್ ಕಚ್ಚಾ ಎಣ್ಣೆ ಇಡುವ ಗುಹೆ ಈಗಾಗಲೇ ಉಂಟು, ಮಂಗಳೂರಲ್ಲಿ 15 ಲಕ್ಷ ಟನ್ನಿನದ್ದು. ಯುದ್ಧ ಗಿದ್ಧ ಆಗಿ ಹಡಗು ಬರದಿದ್ರೆ ಇಡೀ ದೇಶಕ್ಕೆ ಆಪತ್ತಿಗೆ ಆಗುವ ಎಣ್ಣೆ ಅದು. 2021ರಲ್ಲಿ ಕೇಂದ್ರ ಸಂಪುಟ ಇನ್ನೂ 25 ಲಕ್ಷ ಟನ್ನಿಗೆ ಒಪ್ಪಿಗೆ ಕೊಟ್ಟಿತು, ಈ ಸಲ ಖಾಸಗಿ ಸಹಭಾಗಿತ್ವದಲ್ಲಿ. ದೇಶಕ್ಕೆ ಬೇಕು ಅಂದ್ರೆ ಬೇಡ ಅನ್ನುವವರು ನಾವಲ್ಲ. ಆದ್ರೆ ಖಾಸಗಿಯವರು ಲಾಭಕ್ಕೆ ನಡೆಸುವ ಗುಹೆಗೆ ಎಣ್ಣೆ ತರುವ ಪೈಪು ಮನೆ ಅಂಗಳದ ಪಕ್ಕದಲ್ಲಿ ಹೋಗುವಾಗ ಅದೇ ಹಳೇ ಶೇಕಡ 10ರಲ್ಲಿ ದೇಶಸೇವೆ ಅಂತ ಒಪ್ಪಿಸಿದ್ರೆ ಅದು ನ್ಯಾಯ ಅಲ್ಲ.

ನಾನು ಕೇಳುವುದು ಇಷ್ಟೇ. ಪೈಪ್ ಹೋದ ಪ್ರತಿ ಮೀಟರಿಗೆ ವರ್ಷಕ್ಕೆ ಇಷ್ಟು ಅಂತ ಬಾಡಿಗೆ ಬರ್ಲಿ, ಸಾಗಾಟದ ದರ ಏರಿದ ಹಾಗೆ ಅದೂ ಏರ್ಲಿ, ಮೊಬೈಲ್ ಟವರಿಗೆ ಜಾಗ ಕೊಟ್ಟವನಿಗೆ ಬರುವುದಿಲ್ವಾ, ಹಾಗೆ. ಮರದ ಬೆಳೆ ಇರುವ ಜಾಗಕ್ಕೆ ಬೇರೆ ದರ ಇರ್ಲಿ, ಕುಮ್ಕಿಯಲ್ಲಿ ತೋಟ ಮಾಡಿದವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಲೈನ್ ಹಾದುಹೋಗುವ ಪಂಚಾಯತಿಗೆ ಸಹ ಒಂದು ಪಾಲು ಬೇಕು, ಯಾಕಂದ್ರೆ ಬೆಂಕಿ ಬಿದ್ರೆ ಮೊದಲು ಓಡಿ ಬರ್ಬೇಕಾದವರು ಊರಿನವರೇ, ಫೈರ್ ಇಂಜಿನ್ ಬಂಟ್ವಾಳದಿಂದ ನಮ್ಮ ಗ್ರಾಮದ ಕಚ್ಚಾ ರೋಡಿಗೆ ಬರುವಾಗ ಎಷ್ಟು ಹೊತ್ತಾಗ್ತದೆ ಅಂತ ಎಲ್ಲರಿಗೂ ಗೊತ್ತುಂಟು. ಬಾವಿ ನೀರನ್ನು ವರ್ಷಕ್ಕೊಮ್ಮೆ ಕಂಪನಿ ಖರ್ಚಲ್ಲಿ ಟೆಸ್ಟ್ ಮಾಡಿಸಿ ರಿಪೋರ್ಟನ್ನು ಪಂಚಾಯತ್ ಬೋರ್ಡಿಗೆ ಹಾಕ್ಲಿ. ಇದರಿಂದ ಎಣ್ಣೆ ದುಬಾರಿ ಆಗ್ತದೆ ಅಂತ ಯಾರಾದ್ರೂ ಹೇಳಬಹುದು. 56 ಲಕ್ಷ ಟನ್ ಹೋಗುವ ಲೈನಲ್ಲಿ ಲೀಟರಿಗೆ ಒಂದು ಪೈಸೆ ತೆಗೆದಿಟ್ರೆ ಎಷ್ಟಾಗ್ತದೆ ಗೊತ್ತುಂಟಾ? ಒಂದು ಟನ್ನಿಗೆ 1,200 ಲೀಟರ್ ಅಂತ ಹಿಡಿದ್ರೆ ವರ್ಷಕ್ಕೆ ಸುಮಾರು 6 ಕೋಟಿ 70 ಲಕ್ಷ. ಅದನ್ನು 360 ಕಿಲೋಮೀಟರಿಗೆ ಹಂಚಿದ್ರೆ ಕಿಲೋಮೀಟರಿಗೆ 1 ಲಕ್ಷ 86 ಸಾವಿರ, ನನ್ನ 100 ಮೀಟರಿಗೆ 18 ಸಾವಿರ ಚಿಲ್ಲರೆ. ನನ್ನ 240 ಮರದ ಆದಾಯಕ್ಕೆ ಅದು ಸಮ ಅಲ್ಲ, ಆದ್ರೆ ಒಂದೇ ಒಂದು ಪೈಸೆಯಲ್ಲಿ ಇಷ್ಟು ಆಗ್ತದೆ ಅಂತಾದ್ರೆ ಐದು ಪೈಸೆಯಲ್ಲಿ ಎಷ್ಟಾಗಬಹುದು ಅಂತ ನೀವೇ ನೋಡಿ. ಐದು ಪೈಸೆ ಜಾಸ್ತಿ ಆಯ್ತು ಅಂತ ಬೆಂಗಳೂರಿನವರು ಯಾರೂ ಕಾರು ಮಾರುವುದಿಲ್ಲ.

ನಮ್ಮ ಎಂಪಿಯವರು, ಎಂಎಲ್‌ಎಯವರು ಈ ಶೇಕಡ 10ರ ಬಗ್ಗೆ ಒಂದು ಸಲ ಮಾತಾಡ್ಬೇಕು, ಕಾಯ್ದೆ ಕೇಂದ್ರದ್ದು, ತಿದ್ದುವುದು ಪಾರ್ಲಿಮೆಂಟಲ್ಲೇ ಆಗ್ಬೇಕು. ನಿಮ್ಮ ಪತ್ರಿಕೆಯವರು ಯಾರಾದ್ರೂ ಬರುವುದಾದ್ರೆ ಮಳೆ ಶುರುವಾಗುವ ಮೊದಲು ಬನ್ನಿ, ಆಮೇಲೆ ರೋಡು ಕಷ್ಟ. ಪಟ್ಟೆಯ ಈಚೆ ಬದಿಯಲ್ಲಿ ನಾನು, ಆಚೆ ಬದಿಯಲ್ಲಿ ತಮ್ಮ ಹೊಸ ಸಸಿಗೆ ಗುಂಡಿ ತೆಗೀತಾ ಇರ್ತೇವೆ, ನಡುವಿನ 18 ಮೀಟರನ್ನು ನೀವೇ ಕಣ್ಣಾರೆ ನೋಡಬಹುದು.

ಇಂತಿ,
ಒಬ್ಬ ಅಡಿಕೆ ಕೃಷಿಕ
ಬಂಟ್ವಾಳ ತಾಲೂಕು, ದಕ್ಷಿಣ ಕನ್ನಡ